ಕತ್ತರಿಸದೆ ಉಳಿದ ಒಂದು ನಿಮಿಷ

ನಮ್ಮ ಮೀಟರಣ್ಣನ ನೆನಪಿಗೆ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆಗೆ, ಅವರ ಮಗಳಿಗೆ, ಅಳಿಯನಿಗೆ, ನಮ್ಮ ಇತಿಹಾಸ ಸಂಘದ ಕಾರ್ಯದರ್ಶಿ ಲೈಬ್ರರಿ ಮೇಡಂ ಅವರಿಗೆ, ಮತ್ತೆ — ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂತಿರುವ ನಿಮಗೆಲ್ಲ. ದಯವಿಟ್ಟು ಮೇಲಿನಿಂದ ಏಳನೇ ಮೆಟ್ಟಿಲಿನ ಮೇಲೆ ಯಾರೂ ಕೂರಬೇಡಿ. ಅದರ ಮೊಳೆ ಎದ್ದಿದೆ. ಇವತ್ತು ನಿನ್ನೆ ಎದ್ದದ್ದಲ್ಲ, ಹದಿನೈದು ವರ್ಷವಾಯಿತು. ಮೀಟರಣ್ಣ ಪ್ರತಿ ಭಾನುವಾರ ಹತ್ತಿ ಬರುವಾಗ, "ಇವತ್ತು ಇದನ್ನ ಹೊಡೆದೇ ಬಿಡ್ತೀನಿ" ಅನ್ನುತ್ತಿದ್ದರು. ಇಳಿಯುವಾಗ ಮಾತಿನ ಗುಂಗಿನಲ್ಲಿ ಅದನ್ನು ದಾಟಿಕೊಂಡು ಹೋಗುತ್ತಿದ್ದರು.

ನಾನು ಭಾಷಣಕಾರನಲ್ಲ. ಬಸ್ ನಿಲ್ದಾಣದ ಎದುರು ಟೈಲರ್ ಅಂಗಡಿ ಇಟ್ಟುಕೊಂಡವನು. ನಿಮ್ಮಲ್ಲಿ ಅರ್ಧ ಜನರ ಅಳತೆ ನನ್ನ ಪುಸ್ತಕದಲ್ಲಿದೆ. ಇನ್ನರ್ಧ ಜನರ ಬಟ್ಟೆ ನನ್ನ ಅಂಗಡಿಯಲ್ಲಿದೆ. ಎರಡು ವಾರದಿಂದ ಬಾಗಿಲು ಸರಿಯಾಗಿ ತೆಗೆದಿಲ್ಲ, ಬೈದುಕೊಂಡು ಹೋಗಿದ್ದೀರಿ ಅಂತ ಗೊತ್ತು. ಯಾಕೆ ತೆಗೆಯಲಿಲ್ಲ ಅಂತ ಇವತ್ತು ಹೇಳುತ್ತೇನೆ. ಮೇಡಂ ನನಗೆ, "ನೀವು ಅವರ ಜೊತೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೀರಿ, ನೀವೇ ಮಾತಾಡಬೇಕು" ಅಂದರು. ಒಪ್ಪಿಕೊಂಡೆ. ಆದರೆ ನಾನು ಎದ್ದು ನಿಂತಿರುವುದು ಬರೀ ಅವರನ್ನು ಹೊಗಳುವುದಕ್ಕಲ್ಲ. ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ನಿಮ್ಮೆಲ್ಲರ ಮುಂದೆ ಹೇಳಬೇಕು.

ಹೊಸದಾಗಿ ಈ ಕಡೆ ಮನೆ ಮಾಡಿದವರು ಕೆಲವರಿದ್ದೀರಿ. ಅವರಿಗಾಗಿ ಒಂದೆರಡು ಮಾತು. ಮೀಟರಣ್ಣ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಮೀಟರ್ ಓದಿದವರು. ಹೆಗಲಿಗೆ ಒಂದು ಕ್ಯಾನ್ವಾಸ್ ಚೀಲ, ಕೈಯಲ್ಲಿ ಟಾರ್ಚು. ಬಾಗಿಲಲ್ಲಿ ನಿಂತು "ನೀರೂ—" ಅಂತ ಒಂದು ಕೂಗು. ಆ ಕೂಗನ್ನು ನಮ್ಮ ಬೀದಿಯ ಮಕ್ಕಳೆಲ್ಲ ಅಣಕಿಸುತ್ತಿದ್ದರು, ನಾನೂ ಅಣಕಿಸಿದ್ದೇನೆ, ಯಾರಿಗೂ ಅದು ಬರಲಿಲ್ಲ. ಕೊನೆಯಲ್ಲಿ ದನಿ ಸ್ವಲ್ಪ ಒಡೆಯುತ್ತಿತ್ತು, ಅದು ಅವರಿಗೇ ಗೊತ್ತಿದ್ದ ಮರ್ಮ.

ಆಗಿನ ಮನೆಗಳಲ್ಲಿ ಮೀಟರ್ ಇರುತ್ತಿದ್ದದ್ದು ಹಿತ್ತಲಲ್ಲಿ, ಬಚ್ಚಲಿನ ಪಕ್ಕ. ಅಲ್ಲಿಗೆ ಹೋಗಬೇಕಾದರೆ ಇಡೀ ಮನೆ ಹಾದು ಹೋಗಬೇಕು. ನಾವೆಲ್ಲ ಇನ್ನೊಬ್ಬರ ಮನೆಯ ಮುಂಗೋಣೆ ನೋಡಿದವರು. ಮೀಟರಣ್ಣ ಒಳಕೋಣೆ ನೋಡಿದವರು. ಅಲ್ಲಿ ಮಂಚದ ಮೇಲೆ ಒಬ್ಬ ಅಜ್ಜನೋ ಅಜ್ಜಿಯೋ ಇರುತ್ತಾರೆ, ಮನೆಯವರು ಯಾರೂ ಅವರ ಮಾತು ಕೇಳುವುದಿಲ್ಲ, ಕೇಳಿ ಕೇಳಿ ಸಾಕಾಗಿರುತ್ತದೆ. ಇವರು ಮೀಟರ್ ಓದಿ ಬರುತ್ತಾ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಒಂದು ಗಳಿಗೆ ಅಂದರೆ — ಅತ್ತಿಗೆ ನಗುತ್ತಿದ್ದಾರೆ ನೋಡಿ — ಮಧ್ಯಾಹ್ನದ ಊಟಕ್ಕೆ ಬರಬೇಕಾದ ಮನುಷ್ಯ ಸಂಜೆ ನಾಲ್ಕಕ್ಕೆ ಬರುವಷ್ಟು ದೊಡ್ಡ ಗಳಿಗೆ.

ಆಮೇಲೆ ರಸ್ತೆ ಅಗಲ ಮಾಡಿದರು. ದೊಡ್ಡ ಬೀದಿಯ ಒಂದು ಸಾಲು ಪೂರ್ತಿ ಕೆಡವಿದರು, ನಿಮಗೆ ನೆನಪಿರಬೇಕು. ಆ ತಿಂಗಳು ಮೀಟರಣ್ಣ ಎಂದಿನಂತೆ ಚೀಲ ಹಾಕಿಕೊಂಡು ಹೋದರೆ ಮನೆ ಇಲ್ಲ. ಗೋಡೆ ಇಲ್ಲ, ಬಾಗಿಲಿಲ್ಲ. ಹಿತ್ತಲಿನ ನೀರಿನ ಕೊಳವೆ ಒಂದು ನಿಂತಿದೆ, ಅದರ ಮೇಲೆ ಮೀಟರ್ ಇದೆ. ಅವರು ಅದನ್ನು ಓದಿ, ಪುಸ್ತಕದಲ್ಲಿ ಬರೆದುಕೊಂಡು, ನೇರವಾಗಿ ಲೈಬ್ರರಿಗೆ ಬಂದರು. ನಾನು ಅಲ್ಲೇ ಪೇಪರ್ ಓದುತ್ತಾ ಕೂತಿದ್ದೆ. "ಮೇಡಂ, ಮನೆ ಹೋಯ್ತು, ಸರಿ. ಅದರೊಳಗಿದ್ದ ಅಜ್ಜ ಹೇಳ್ತಿದ್ದನಲ್ಲ, ಅದೆಲ್ಲ ಈಗ ಎಲ್ಲಿದೆ?" ಅಂತ ಕೇಳಿದರು. ಮೇಡಂ ಬರೆಯುತ್ತಿದ್ದ ರಿಜಿಸ್ಟರ್ ಮುಚ್ಚಿಟ್ಟರು. ನಾನೂ ಪೇಪರ್ ಮಡಚಿಟ್ಟೆ. ನಮ್ಮ ಸಂಘ ಹುಟ್ಟಿದ್ದು ಹೀಗೆ. ಹಳೆಯ ಪಂಪ್ ಮನೆಯ ಮೇಲಿನ ಈ ಕೋಣೆಯನ್ನು ಕಚೇರಿಯವರ ಕೈಕಾಲು ಹಿಡಿದು ಕೊಡಿಸಿದವರೂ ಅವರೇ.

ಕೆಲಸ ಹೀಗೆ ಹಂಚಿಕೊಂಡೆವು. ಮೀಟರಣ್ಣ ಟೇಪ್ ರೆಕಾರ್ಡರ್ ಹಿಡಿದು ಮನೆಮನೆಗೆ ಹೋಗುವುದು, ಹಳಬರ ಬಾಯಿ ಬಿಡಿಸುವುದು. ಮೇಡಂ ಪಟ್ಟಿ ಮಾಡಿ ಬೀರುವಿನಲ್ಲಿ ಇಡುವುದು. ನಾನು — ನನಗೆ ಕೊಟ್ಟದ್ದು ಕತ್ತರಿಸುವ ಕೆಲಸ. "ನಿನ್ನ ಕೈಯಲ್ಲಿ ಕತ್ತರಿ ಕೂತಿದೆ ಕಣಪ್ಪ, ನೀನೇ ಮಾಡು" ಅಂದರು.

ಏನು ಕತ್ತರಿಸುವುದು ಅಂತ ಕೇಳಿ. ಅವರ ದನಿಯನ್ನು.

ಹೌದು. ಅವರ ಕಟ್ಟಳೆ ಅದು. "ನಾಳೆ ಯಾರಾದ್ರೂ ಕೇಳೋಕೆ ಬಂದ್ರೆ ಅಜ್ಜಿ ಮಾತು ಕೇಳೋಕೆ ಬರ್ತಾರೆ. ಮಧ್ಯೆ ಮಧ್ಯೆ ಈ ಮೀಟರಿನವನ ಗೊಗ್ಗರು ದನಿ ಯಾಕೆ? ನಾನು ಕೇಳಿದ್ದೆಲ್ಲ ತೆಗೆದುಹಾಕು." ನಾನು ನನ್ನ ಕಟಿಂಗ್ ಮೇಜಿನ ಮೇಲೆ ಎರಡು ಟೇಪ್ ರೆಕಾರ್ಡರ್ ಅಕ್ಕಪಕ್ಕ ಇಟ್ಟುಕೊಳ್ಳುತ್ತಿದ್ದೆ. ಒಂದರಲ್ಲಿ ಅಸಲಿ ಕ್ಯಾಸೆಟ್ ಓಡುತ್ತದೆ, ಇನ್ನೊಂದರಲ್ಲಿ ನಕಲು ಆಗುತ್ತದೆ. ನನ್ನ ಬೆರಳು — ಈ ಬೆರಳು — ಪಾಜ್ ಗುಂಡಿಯ ಮೇಲೆ. ಅವರು ಪ್ರಶ್ನೆ ಕೇಳಿದರೆ ಒತ್ತುವುದು, ಹಳಬರು ಉತ್ತರ ಶುರು ಮಾಡಿದರೆ ಬಿಡುವುದು.

ಅವರು ಪ್ರಶ್ನೆ ಕೇಳುವುದಕ್ಕೆ ಮುಂಚೆ ಸಣ್ಣದಾಗಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ಬೇರೆ ಯಾರಿಗೂ ಗೊತ್ತಾಗದು. ನನಗೆ ಗೊತ್ತಾಗುತ್ತಿತ್ತು. ಆ ಉಸಿರು ಕಿವಿಗೆ ಬಿದ್ದ ಕೂಡಲೇ ಬೆರಳು ಇಳಿಯುತ್ತಿತ್ತು. ಎಷ್ಟು ಪಳಗಿದ್ದೆ ಅಂದರೆ, ಅವರ ಎದುರಿಗೆ ಕೂತು ಚಹಾ ಕುಡಿಯುವಾಗಲೂ ಅವರು ಹಾಗೆ ಉಸಿರೆಳೆದರೆ ನನ್ನ ಬೆರಳು ಲೋಟದ ಮೇಲೆ ತಾನಾಗಿ ಒತ್ತಿಕೊಳ್ಳುತ್ತಿತ್ತು. ನಕಲು ಮುಗಿದ ಮೇಲೆ ಅಸಲಿ ಕ್ಯಾಸೆಟ್ ವಾಪಸ್ ಅವರ ಚೀಲಕ್ಕೆ. ಅದರ ಮೇಲೇ ಮುಂದಿನವರ ಮಾತು. ನಮ್ಮಲ್ಲಿ ಆಗ ಇದ್ದದ್ದೇ ಕೆಲವು ಖಾಲಿ ಕ್ಯಾಸೆಟ್ಟು, ಅವನ್ನೇ ತಿರುಗಿಸಿ ಮುರುಗಿಸಿ ಬಳಸುತ್ತಿದ್ದೆವು. ಹೀಗೆ ನೂರ ಅರವತ್ತನಾಲ್ಕು ಜನರ ಮಾತನ್ನು ನಾವು ಉಳಿಸಿದೆವು.

ಒಂದೇ ಒಂದು ವಿಷಯದಲ್ಲಿ ಕಟ್ಟಪ್ಪಣೆ ಇತ್ತು. ಮೊದಲ ಸಲ ಒಬ್ಬ ಅಜ್ಜ ಮಾತು ನಿಲ್ಲಿಸಿ ಸುಮ್ಮನೆ ಕೂತ ಜಾಗವನ್ನೂ ನಾನು ತೆಗೆದುಬಿಟ್ಟಿದ್ದೆ. ಖಾಲಿ ಬಟ್ಟೆ ಯಾಕೆ ಬಿಡಬೇಕು ಅಂತ. ಮೀಟರಣ್ಣ ಕೇಳಿ ಸಿಟ್ಟಾದರು. ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. "ಪ್ರಶ್ನೆ ನಂದು, ತೆಗಿ. ಸುಮ್ಮನಿದ್ದದ್ದು ಅವರದು. ಅದನ್ನ ಮುಟ್ಟೋಕೆ ನೀನ್ಯಾರು, ನಾನ್ಯಾರು?" ಅಂದರು. ಅಂದಿನಿಂದ ಯಾರ ಮೌನವನ್ನೂ ನಾನು ಮುಟ್ಟಲಿಲ್ಲ.

ಒಮ್ಮೆ ಕಾಲೇಜಿನಲ್ಲಿ ಇತಿಹಾಸ ಹೇಳುವ ಒಬ್ಬರು ಮೇಡಂ ಬಂದಿದ್ದರು. ನಮ್ಮ ಕ್ಯಾಸೆಟ್ ಕೇಳಿ, "ಎಲ್ಲ ಚೆನ್ನಾಗಿದೆ, ಪ್ರಶ್ನೆ ಎಲ್ಲಿ? ಯಾರು ಹೇಗೆ ಕೇಳಿದರು ಅನ್ನೋದೂ ಇತಿಹಾಸವೇ ಅಲ್ಲವಾ?" ಅಂದರು. ಮೀಟರಣ್ಣ ನಾಚಿಕೊಂಡು, "ನಾನೇನು ಕೇಳ್ತೀನಮ್ಮ, ಆಮೇಲೆ ಆಮೇಲೆ ಅಂತೀನಿ, ಅಷ್ಟೇ" ಅಂದರು. ಅವರು ಹೋದ ಮೇಲೆ ನಾವಿಬ್ಬರೂ ನಕ್ಕೆವು. ಓದಿದವರಿಗೆ ಎಲ್ಲದರಲ್ಲೂ ಒಂದು ಕೊರತೆ ಕಾಣಬೇಕು ಅಂತ ನಾನೇ ಕೊಂಕು ತೆಗೆದೆ. ಈಗ ಆ ಮೇಡಂ ಎಲ್ಲಿದ್ದಾರೋ ಗೊತ್ತಿಲ್ಲ. ಸಿಕ್ಕರೆ ಕೈ ಮುಗಿಯುತ್ತೇನೆ.

ಮೀಟರಣ್ಣ ಕೇಳುತ್ತಿದ್ದ ರೀತಿ ನಿಮಗೆ ತೋರಿಸಬೇಕು. ಹೀಗೆ — ಯಾವಾಗಲೂ ಹಳಬರಿಗಿಂತ ತಗ್ಗಿನಲ್ಲಿ ಕೂರುತ್ತಿದ್ದರು. ಅವರು ಮಂಚದ ಮೇಲಿದ್ದರೆ ಇವರು ಸ್ಟೂಲು, ಅವರು ಸ್ಟೂಲಿನ ಮೇಲಿದ್ದರೆ ಇವರು ನೆಲ. ಕೈಗಡಿಯಾರ ಬಿಚ್ಚಿ ಜೇಬಿಗೆ. ಕನ್ನಡಕದ ಪೆಟ್ಟಿಗೆ ಕೈಯಲ್ಲಿ, ಅದರ ಮುಚ್ಚಳವನ್ನು ಟಕ್ ಅಂತ ತೆಗೆಯುವುದು, ಟಕ್ ಅಂತ ಮುಚ್ಚುವುದು. ಆಮೇಲೆ ಎದುರಿನವರು ಏನು ಹೇಳಿದರೂ ಒಂದು "ಹ್ಞೂಂ". ಅದು ಬಾಯಿಂದ ಬರುತ್ತಿರಲಿಲ್ಲ, ಎದೆಯಿಂದ ಬರುತ್ತಿತ್ತು. ಆ ಹ್ಞೂಂ ಕೇಳಿದರೆ ಕಲ್ಲಿನಂಥ ಮನುಷ್ಯನೂ ಇನ್ನೊಂದು ಮಾತು ಹೇಳುತ್ತಿದ್ದ. ಅದು ಎದುರಿನವರ ಮಾತು ಮುಗಿದ ಮೇಲೇ ಬರುತ್ತಿತ್ತು, ಹಾಗಾಗಿ ಅದನ್ನೂ ನಾನು ಕತ್ತರಿಸುತ್ತಿದ್ದೆ.

ಅತ್ತಿಗೆಯ ದೂರು ಬೇರೆ. ನಮ್ಮ ಮುಂದೆಯೇ ಎಷ್ಟು ಸಲ ಹೇಳಿಲ್ಲ. "ಊರೋರ ಮಾತಿಗೆಲ್ಲ ಕಿವಿ ಕೊಡ್ತಾರೆ. ಮನೇಲಿ ನಾನು ಅಡುಗೆಮನೆಯಿಂದ ಗಂಟಲು ಹರ್ಕೊಂಡ್ರೆ ಒಂದು ಹ್ಞೂಂ. ಅಕ್ಕಿ ಮುಗೀತು ಅಂದ್ರೂ ಹ್ಞೂಂ. ಮಗಳಿಗೆ ಜ್ವರ ಅಂದ್ರೂ ಹ್ಞೂಂ. ನಾನು ಈ ಹ್ಞೂಂ ಜೊತೆ ನಲವತ್ತು ವರ್ಷ ಬಾಳಿದೀನಿ, ಈ ಮನುಷ್ಯನ ಜೊತೆ ಅಲ್ಲ." ನೆನಪಿದೆಯಾ ಅತ್ತಿಗೆ? — ಇದೆ ಅನ್ನುತ್ತಿದ್ದಾರೆ.

ಎರಡು ವರ್ಷದ ಹಿಂದೆ ಅವರ ಗಂಟಲಿಗೆ ಕಾಯಿಲೆ ಬಂತು. ಆಪರೇಷನ್ ಮಾಡಿದರು. ಜೀವ ಉಳಿಯಿತು, ದನಿ ಹೋಯಿತು. ಪೂರ್ತಿ. ಕೊರಳಲ್ಲಿ ಒಂದು ರಂಧ್ರ, ಕೈಯಲ್ಲಿ ಮಕ್ಕಳ ಒಂದು ಸ್ಲೇಟು. ಆದರೂ ಭಾನುವಾರ ತಪ್ಪಿಸಲಿಲ್ಲ. ಮೆಟ್ಟಿಲು ಹತ್ತಿ ಬಂದು ಇಲ್ಲೇ, ಈ ಕಿಟಕಿಯ ಹತ್ತಿರ ಕೂರುತ್ತಿದ್ದರು. ಬಂದವರು ಏನಾದರೂ ಹಳೆಯ ವಿಷಯ ಹೇಳಿದರೆ ಸ್ಲೇಟು ಎತ್ತಿ ತೋರಿಸುತ್ತಿದ್ದರು. ಅದರ ಮೇಲೆ ಬರೆದದ್ದು ಒಂದೇ ಪದ. "ಆಮೇಲೆ?"

ಒಂದು ದಿನ ನಾವಿಬ್ಬರೇ ಇದ್ದೆವು. ಅವರು ಸ್ಲೇಟಿನ ಮೇಲೆ ಏನೋ ಬರೆದು ನನ್ನ ಕಡೆ ತಿರುಗಿಸಿದರು. "ನನ್ನ ದನಿ ಎಲ್ಲಾದರೂ ಇದೆಯಾ?" ಅಂತ ಇತ್ತು. ನನಗೆ ಅದು ತಮಾಷೆ ಅನ್ನಿಸಿತು. "ಇಡೀ ಬೀರು ನಿಮ್ದೇ ಅಲ್ವಾ ಅಣ್ಣ" ಅಂತ ನಕ್ಕುಬಿಟ್ಟೆ. ಅವರು ಅಂಗೈಯಿಂದ ಸ್ಲೇಟು ಒರೆಸಿದರು, ಕಿಟಕಿಯ ಹೊರಗೆ ನೋಡುತ್ತಾ ಕೂತರು. ಅವರು ನಿಜವಾಗಿ ಕೇಳಿದ್ದರು. ನಾನು ಅದನ್ನು ಆಡಿಕೊಂಡೆ. ಅವರು ಹೋದ ಮೇಲಿನ ಈ ಹದಿನೆಂಟು ದಿನದಲ್ಲಿ ಆ ಸ್ಲೇಟು ನನ್ನ ಕಣ್ಣ ಮುಂದೆ ಬಾರದ ದಿನ ಇಲ್ಲ.

ಅವರು ಹೋದ ನಾಲ್ಕನೇ ದಿನ ಅತ್ತಿಗೆ ನನ್ನನ್ನು ಕರೆಸಿದರು. ಎದುರಿಗೆ ಕೂರಿಸಿಕೊಂಡು, "ಟೈಲರಪ್ಪ, ನಿನ್ನ ಹತ್ರ ಅಷ್ಟೊಂದು ಕ್ಯಾಸೆಟ್ ಇದೆಯಲ್ಲ, ಅವರ ದನಿ ಇರೋದು ಯಾವುದಾದ್ರೂ ಒಂದು ಕೊಡು. ಎರಡು ವರ್ಷ ಆಯ್ತು ಕೇಳಿ. ಹೇಗಿತ್ತು ಅಂತ ಮರೆತು ಹೋಗ್ತಿದೆ. ಮರೆಯೋಕೆ ಮುಂಚೆ ಒಂದು ಸಲ ಕೇಳಬೇಕು" ಅಂದರು. ಮಗಳ ಮದುವೆಯ ವಿಡಿಯೋ ಹಾಕಿ ನೋಡಿದರಂತೆ. ಅದರಲ್ಲಿ ಮೀಟರಣ್ಣ ಇದ್ದಾರೆ, ಬಾಯಿ ಆಡುತ್ತದೆ, ಮೇಲೆ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ. ಫೋನಿನಲ್ಲಂತೂ ಅವರು ಎರಡು ಮಾತಿಗಿಂತ ಹೆಚ್ಚು ಆಡಿದವರಲ್ಲ, ಅದನ್ನು ಯಾರು ಹಿಡಿದಿಡುತ್ತಾರೆ? ನಾನು ಎದೆ ತಟ್ಟಿಕೊಂಡು, "ನಾಳೆನೇ ತರ್ತೀನಿ ಅತ್ತಿಗೆ" ಅಂದೆ.

ಅಂಗಡಿಗೆ ಬೀಗ ಹಾಕಿ ಇಲ್ಲಿಗೆ ಬಂದೆ. ಬೀರುವಿನ ಬಾಗಿಲು — ಅದನ್ನು ಸ್ವಲ್ಪ ಮೇಲೆತ್ತಿ ಎಳೆಯಬೇಕು, ಇಲ್ಲದಿದ್ದರೆ ತೆಗೆಯಲಾಗುವುದಿಲ್ಲ — ತೆಗೆದು, ಒಂದನೇ ಕ್ಯಾಸೆಟ್ಟಿನಿಂದ ಶುರು ಮಾಡಿದೆ. ನೂರ ಅರವತ್ತನಾಲ್ಕು ಜನ. ಎಲ್ಲರೂ ಇದ್ದಾರೆ. ಪಂಪ್ ಓಡಿಸುತ್ತಿದ್ದವರು ಇದ್ದಾರೆ, ಕಾರ್ಖಾನೆಯ ಸೈರನ್ ಊದುತ್ತಿದ್ದವರು ಇದ್ದಾರೆ, ನಿಮ್ಮ ಅಜ್ಜಂದಿರು, ನಿಮ್ಮ ದೊಡ್ಡಮ್ಮಂದಿರು ಇದ್ದಾರೆ. ಎಲ್ಲರೂ ಯಾರಿಗೋ ಉತ್ತರ ಕೊಡುತ್ತಿದ್ದಾರೆ. ಯಾರಿಗೆ ಅನ್ನುವುದು ಮಾತ್ರ ಇಲ್ಲ. ಒಂದು ಉಸಿರು ಕೇಳಿಸುತ್ತದೆ, ಆಮೇಲೆ ನನ್ನ ಬೆರಳು. ಇನ್ನೊಂದು ಉಸಿರು, ಮತ್ತೆ ನನ್ನ ಬೆರಳು. ಎಲ್ಲಾದರೂ ಒಂದು ಕಡೆ ನನ್ನ ಕೈ ತಡವಾಗಿರಬಾರದೇ, ಒಂದು ಪದ ಜಾರಿ ಉಳಿದಿರಬಾರದೇ ಅಂತ ಹುಡುಕಿದೆ. ಇಲ್ಲ. ಅಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದೆ. ಜನ ಉಳಿಯಲಿ ಅಂತ ಸಂಘ ಕಟ್ಟಿದ ಮನುಷ್ಯನನ್ನು ಸಂಘದ ಕೈಯಿಂದಲೇ ಅಳಿಸಿದ್ದೆವು. ಅದೂ ಅವರ ಕಣ್ಣೆದುರಿಗೆ, ಅವರಿಂದ ಶಹಭಾಸ್ ಅನ್ನಿಸಿಕೊಂಡು.

ಎಂಟು ದಿನ ಹುಡುಕಿದ ಮೇಲೆ ಅತ್ತಿಗೆಯ ಮನೆಗೆ ಹೋಗಿ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ಅಷ್ಟು ವರ್ಷ ಅಷ್ಟೊಂದು ಕೇಳಿದ್ರಲ್ಲ, ಒಂದೂ ಉಳೀಲಿಲ್ವಾ?" ಅಂದರು. ಆಮೇಲೆ ಎದ್ದು ಒಳಗೆ ಹೋಗಿ ನನಗೆ ಚಹಾ ತಂದುಕೊಟ್ಟರು. 

ಈಗ ನಿನ್ನೆಯ ಮಾತು. ಇದು ಅತ್ತಿಗೆಗೂ ಇನ್ನೂ ಗೊತ್ತಿಲ್ಲ. ಮೇಡಂ, "ಸಭೆಯಲ್ಲಿ ಅವರು ಮಾಡಿದ ಒಂದು ರೆಕಾರ್ಡಿಂಗ್ ಕೇಳಿಸೋಣ, ನೀವೇ ಆರಿಸಿ" ಅಂದರು. ಮನಸ್ಸಿರಲಿಲ್ಲ. ಆದರೂ ಮಧ್ಯಾಹ್ನ ಇಲ್ಲಿಗೆ ಬಂದು ಸೂಲಗಿತ್ತಿ ಅಜ್ಜಿಯ ಕ್ಯಾಸೆಟ್ ತೆಗೆದೆ. ಈ ಕೋಣೆಯಲ್ಲಿ ಕೂತವರಲ್ಲಿ ಎಷ್ಟೋ ಜನರನ್ನು ಈ ಲೋಕಕ್ಕೆ ಕೈ ಹಿಡಿದು ತಂದವಳು ಆಕೆ. ನನ್ನನ್ನೂ ಆಕೆಯೇ ತಂದದ್ದು. ಅವಳೂ ಹೋಗಿ ಒಂಬತ್ತು ವರ್ಷವಾಯಿತು.

ಅದನ್ನು ಮೊದಲೂ ಹುಡುಕಿದ್ದೆ. ಆದರೆ ಆಗ ನಾನು ಮಾತು ಹುಡುಕುತ್ತಿದ್ದೆ. ಮಾತಿಲ್ಲದ ಜಾಗ ಬಂದರೆ ಗುಂಡಿ ಒತ್ತಿ ಮುಂದಕ್ಕೆ ಓಡಿಸುತ್ತಿದ್ದೆ. ನಿನ್ನೆ ಓಡಿಸಲಿಲ್ಲ. ಸುಮ್ಮನೆ ಕೂತು ಪೂರ್ತಿ ಕೇಳಿದೆ.

ಅಜ್ಜಿ ತಾನು ಎಷ್ಟು ಹೆರಿಗೆ ಮಾಡಿಸಿದೆ ಅಂತ ಹೇಳುತ್ತಾಳೆ, ನಗುತ್ತಾಳೆ. ಆಮೇಲೆ ಆ ಉಸಿರು ಬರುತ್ತದೆ. ಅಲ್ಲಿ ನಾನು ಕತ್ತರಿಸಿದ್ದೇನೆ. ಅವರು ಏನು ಕೇಳಿದರು ಅಂತ ನಾನು ಮರೆತಿಲ್ಲ. "ನಿಮಗೆ ಮಕ್ಕಳು?" ಅಂತ ಕೇಳಿದರು. ಅಜ್ಜಿ ಸುಮ್ಮನಾಗಿಬಿಡುತ್ತಾಳೆ. ಒಂದು ನಿಮಿಷ ಹತ್ತು ಸೆಕೆಂಡು. ನಾನು ಮುಟ್ಟದೆ ಬಿಟ್ಟ ಮೌನ. ಅದರಲ್ಲಿ ಅವಳ ಬಳೆ ಸದ್ದು ಇದೆ. ಹಿತ್ತಲಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಇದೆ, ಅವತ್ತು ಹೊರಡುವ ಮುಂಚೆ ಮೀಟರಣ್ಣ ಅದರ ವಾಷರ್ ಬದಲಾಯಿಸಿ ಬಂದರು ಅಂತ ನನಗೆ ಗೊತ್ತು. ಕನ್ನಡಕದ ಪೆಟ್ಟಿಗೆ ಒಂದು ಸಲ ಟಕ್ ಅನ್ನುತ್ತದೆ, ಮತ್ತೆ ಅನ್ನುವುದಿಲ್ಲ. ಸ್ಟೂಲು ಕಿರುಗುಟ್ಟುತ್ತದೆ. ಒಬ್ಬ ಮನುಷ್ಯ ಅವಸರವಿಲ್ಲದೆ ಉಸಿರಾಡುತ್ತಾ ಕಾಯುತ್ತಿದ್ದಾನೆ. ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.

ಕೊನೆಗೆ ಅಜ್ಜಿ ಒಂದೇ ಮಾತು ಹೇಳುತ್ತಾಳೆ. "ಒಂದಿತ್ತು."

ಆ ಮಾತು ಮುಗಿಯುವ ಮೊದಲೇ, ಅದರ ಮೇಲೆಯೇ, ಇನ್ನೊಂದು ಸದ್ದು ಬರುತ್ತದೆ. ಅದು ಪ್ರಶ್ನೆಯಲ್ಲ. ಮಾತೂ ಅಲ್ಲ. ಅದನ್ನು ತೆಗೆಯಬೇಕಾಗಿದ್ದರೆ ಅಜ್ಜಿಯ ಮಾತನ್ನೂ ತೆಗೆಯಬೇಕಾಗಿತ್ತು. ಅದಕ್ಕೇ ಉಳಿದಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕತ್ತರಿಗೆ ಸಿಗದೆ ಉಳಿದದ್ದು ಅದೊಂದೇ. ನಿನ್ನೆ ಅದನ್ನು ಕೇಳಿ ನಾನು ಈ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಹೇಳುವುದಕ್ಕೆ ನಾಚಿಕೆ ಏನೂ ಇಲ್ಲ.

ಅತ್ತಿಗೆ, ನಿಮ್ಮನ್ನು ಮೊದಲು ಕೇಳಬೇಕಿತ್ತು. ಒಬ್ಬರನ್ನೇ ಕೂರಿಸಿ ಕೇಳಿಸೋಣ ಅಂತಲೂ ಅನ್ನಿಸಿತು. ಆದರೆ ಅವರು ಒಂದು ಮನೆಯ ಮಾತನ್ನು ಇಡೀ ಊರಿಗಾಗಿ ಕಾದಿಟ್ಟವರು. ಅವರ ದನಿ ವಾಪಸ್ ಬರುವ ಗಳಿಗೆಯಲ್ಲಿ ಇವರೆಲ್ಲ ನಿಮ್ಮ ಜೊತೆಗಿರಲಿ ಅನ್ನಿಸಿತು. ತಪ್ಪಾಗಿದ್ದರೆ ಇದನ್ನೂ ಆ ಇನ್ನೊಂದು ತಪ್ಪಿನ ಜೊತೆ ಸೇರಿಸಿ ಕ್ಷಮಿಸಿಬಿಡಿ. ಹೋಗುವಾಗ ಈ ಕ್ಯಾಸೆಟ್ಟಿನ ನಕಲು ನಿಮ್ಮ ಕೈಯಲ್ಲಿರುತ್ತದೆ. ನೀವು ಅಡುಗೆಮನೆಯಿಂದ ಕೂಗಿದರೆ ಒಳಗಿನಿಂದ ಬರುತ್ತಿತ್ತಲ್ಲ — ಅದು ಇದರಲ್ಲಿದೆ.

ಸಭೆಯ ಕೊನೆಗೆ ಗಡಿಯಾರ ನೋಡಿಕೊಂಡು ಒಂದು ನಿಮಿಷ ನಿಲ್ಲುವುದು ನಮ್ಮೆಲ್ಲರ ವಾಡಿಕೆ. ಇವತ್ತು ಗಡಿಯಾರ ಬೇಡ. ಅದನ್ನು ಬಿಚ್ಚಿ ಜೇಬಿಗಿಡಿ. ಇವತ್ತಿನ ಮೌನ ಇಬ್ಬರು ಹಿರಿಯರು ಕೂತು ಆಗಲೇ ಆಚರಿಸಿಟ್ಟದ್ದು. ನಾವು ಅದರ ಜೊತೆ ನಿಲ್ಲೋಣ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೆಟ್ಟಿಲ ಮೇಲಿರುವವರು ಇದ್ದಲ್ಲೇ ನಿಲ್ಲಿ, ಆ ಮೊಳೆ ನೋಡಿಕೊಂಡು. ಅತ್ತಿಗೆ, ನಿಮಗೆ ಮಂಡಿ ನೋವು, ನೀವು ಕೂತೇ ಇರಿ. — ಇಲ್ಲವಾ? ಸರಿ, ಮಗಳ ಕೈ ಹಿಡಿದುಕೊಳ್ಳಿ. ಫೋನು ಆರಿಸಿ. ಅಜ್ಜಿಯ ಮಾತು ಬರುವ ತನಕ ಯಾರೂ ಕೂರಬೇಡಿ.

ಹಾಕಿದ್ದೇನೆ, ಅತ್ತಿಗೆ. ನೋಡಿ, ನನ್ನ ಎರಡು ಕೈಯೂ ಬೆನ್ನ ಹಿಂದಿವೆ.